ಮಕ್ಕಳ ನಕ್ಷೆಯಲ್ಲಿ ಕರಡಿಗಳೆಲ್ಲ ರಸ್ತೆ ಬದಿಯಲ್ಲೇ ಏಕೆ?

ವಿಜ್ಞಾನ ಶಿಕ್ಷಕ, ಗಂಗಾವತಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಆನೆಗೊಂದಿ ಕಡೆಯ ಬಂಡೆಗುಡ್ಡಗಳು ನಮ್ಮ ಶಾಲೆಯ ಅಂಗಳದಿಂದಲೇ ಕಾಣುತ್ತವೆ. ಆ ಗುಡ್ಡಗಳಲ್ಲಿ ಕರಡಿ, ಚಿರತೆ, ಮುಳ್ಳುಹಂದಿಗಳಿವೆ ಎಂಬುದು ಇಲ್ಲಿನ ಮಕ್ಕಳಿಗೆ ಪಠ್ಯಪುಸ್ತಕದಿಂದ ತಿಳಿದ ಸಂಗತಿಯಲ್ಲ. ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋದ ಅಪ್ಪನೋ ಕಾಕನೋ ಮನೆಗೆ ಬಂದು ಹೇಳಿದ ಸಂಗತಿ. ಅದಕ್ಕಾಗಿಯೇ ಜುಲೈ ತಿಂಗಳಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟೆ. ಶಾಲೆಗೆ ಬರುವಾಗ, ಹೊಲಕ್ಕೆ ಹೋಗುವಾಗ ಕಣ್ಣಿಗೆ ಬಿದ್ದ ಹೆಜ್ಜೆಗುರುತು, ಹಿಕ್ಕೆ, ಕೆದರಿದ ಹುತ್ತ, ಉದುರಿದ ಮುಳ್ಳು ಯಾವುದೇ ಇರಲಿ, ಮನೆಯವರ ಮೊಬೈಲಿನಲ್ಲಿ ಚಿತ್ರ ತೆಗೆದು, ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ವಹಿಯಲ್ಲಿ ಬರೆದುಕೊಂಡು ಬರಬೇಕು ಎಂದು ಹೇಳಿದೆ.

ಡಿಸೆಂಬರ್ ಕೊನೆಯ ಹೊತ್ತಿಗೆ ನೂರೈವತ್ತಕ್ಕೂ ಹೆಚ್ಚು ಗುರುತುಗಳು ಸೇರಿದವು. ಕಂಪ್ಯೂಟರ್ ಕೊಠಡಿಯಲ್ಲಿ ಸುಸ್ಥಿತಿಯಲ್ಲಿರುವ ಒಂದೇ ಯಂತ್ರಕ್ಕೆ ಕ್ಯೂಜಿಐಎಸ್ ಎಂಬ ನಕ್ಷೆ ತಯಾರಿಸುವ ತಂತ್ರಾಂಶ ಹಾಕಿಕೊಂಡು ಅವುಗಳನ್ನು ನಕ್ಷೆಯ ಮೇಲೆ ಕೂರಿಸತೊಡಗಿದಾಗ ಮೊದಲ ಪೆಟ್ಟು ಬಿತ್ತು. ಅಕ್ಷಾಂಶದ ಕಾಲಂನಲ್ಲಿ ರೇಖಾಂಶವನ್ನೂ ರೇಖಾಂಶದ ಕಾಲಂನಲ್ಲಿ ಅಕ್ಷಾಂಶವನ್ನೂ ತುಂಬಿದ್ದರಿಂದ, 15.4 ಉತ್ತರ, 76.5 ಪೂರ್ವದಲ್ಲಿದ್ದ ನಮ್ಮ ಕರಡಿಗಳು 76.5 ಉತ್ತರ, 15.4 ಪೂರ್ವಕ್ಕೆ ಹಾರಿ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ದಕ್ಷಿಣ ತುದಿಯ ಬಳಿ ಸಮುದ್ರದಲ್ಲಿ ಈಜುತ್ತಿದ್ದವು. ಹಿಮಕರಡಿಗಳ ನೆರೆಹೊರೆ ಸಿಕ್ಕಿತೆಂದು ಮಕ್ಕಳು ಒಂದು ವಾರ ನಕ್ಕರು. ಅದನ್ನು ಸರಿಪಡಿಸಿದೆವು.

ಸರಿಪಡಿಸಲಾಗದ ತೊಡಕು ಆಮೇಲೆ ಬಂತು. ಗುರುತುಗಳಲ್ಲಿ ಬಹುಪಾಲು ಎರಡೇ ಗೆರೆಗಳ ಮೇಲೆ ಮುತ್ತಿನ ಸರದಂತೆ ಸಾಲಾಗಿ ನಿಂತಿವೆ. ಒಂದು ಗೆರೆ ಶಾಲೆಗೆ ಬರುವ ಡಾಂಬರು ರಸ್ತೆ, ಇನ್ನೊಂದು ಕಾಲುವೆ ದಂಡೆಯ ದಾರಿ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಕರಡಿ ಬರೇ ರಸ್ತಿ ಮ್ಯಾಲೇ ಅಡ್ಡಾಡತಾವೇನ್ರಿ ಸರ?" ಎಂದು ಕೇಳಿದ. ಉತ್ತರಿಸಲು ಹೊರಟವನು ತಡವರಿಸಿದೆ. ವಸ್ತುಪ್ರದರ್ಶನಕ್ಕೆ ಬಂದ ಹಿರಿಯರು ಮಾತ್ರ ನಕ್ಷೆಯನ್ನು ಮೆಚ್ಚಿ, ಕರಡಿ ಎಲ್ಲಿವೆ ಎಂದು ಈಗ ತಿಳಿಯಿತು ಎನ್ನುತ್ತ ಅದರ ಚಿತ್ರ ತೆಗೆದುಕೊಂಡು ಹೋದರು. ಅದೂ ನನಗೆ ಕಸಿವಿಸಿಯನ್ನೇ ಉಂಟುಮಾಡಿತು. ಈ ಕೆಲಸವನ್ನು ಮುಂದಿನ ಸಲ ಹೇಗೆ ಮಾಡಬೇಕು ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಭೂಗೋಳ ಉಪನ್ಯಾಸಕಿ, ರಾಯಚೂರು

ಸರ್, ನಿಮ್ಮ ಹುಡುಗ ಕೇಳಿದ ಪ್ರಶ್ನೆಯನ್ನು ಕಾಲೇಜಿನಲ್ಲಿ ನಾನು ಪರೀಕ್ಷೆಗೆ ಕೊಡುತ್ತೇನೆ, ಅನೇಕರು ಬಿಡಿಸುವುದಿಲ್ಲ. ನಿಮ್ಮ ನಕ್ಷೆ ಸುಳ್ಳು ಹೇಳುತ್ತಿಲ್ಲ. ಅದು ಮಕ್ಕಳು ಎಲ್ಲಿ ನಡೆದರು ಎಂಬುದನ್ನು ಬಹಳ ಪ್ರಾಮಾಣಿಕವಾಗಿ ತೋರಿಸುತ್ತಿದೆ. ಅದಕ್ಕೆ ಕರಡಿಯ ನಕ್ಷೆ ಎಂದು ಹೆಸರಿಟ್ಟದ್ದು ಮಾತ್ರ ತಪ್ಪಾಗಿದೆ. ಗುರುತು ಇಲ್ಲದ ಜಾಗದಲ್ಲಿ ಪ್ರಾಣಿ ಇಲ್ಲವೋ, ಅಥವಾ ಅಲ್ಲಿಗೆ ಯಾರೂ ಹೋಗಲೇ ಇಲ್ಲವೋ ಎಂಬುದನ್ನು ಬೇರ್ಪಡಿಸುವ ಮಾಹಿತಿ ನಿಮ್ಮ ವಹಿಯಲ್ಲಿ ಇಲ್ಲ. ಆದ್ದರಿಂದ ಮುಂದಿನ ಸಲ ಪ್ರಾಣಿಯ ಗುರುತಿನಷ್ಟೇ ಶ್ರದ್ಧೆಯಿಂದ ನಡಿಗೆಯನ್ನೂ ದಾಖಲಿಸಬೇಕು: ಯಾರು, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾವ ದಾರಿಯಲ್ಲಿ ನಡೆದರು, ಏನೂ ಕಾಣದಿದ್ದರೆ ಏನೂ ಕಾಣಲಿಲ್ಲ ಎಂಬುದನ್ನೂ ಸೇರಿಸಿ.

ಶಾಲೆಯ ಸುತ್ತಲಿನ ಐದು ಕಿಲೋಮೀಟರು ಉದ್ದ, ಐದು ಕಿಲೋಮೀಟರು ಅಗಲದ ಪ್ರದೇಶವನ್ನು ಒಂದು ಕಿಲೋಮೀಟರಿನ ಚೌಕಗಳಾಗಿ ಸೀಳಿದರೆ ಇಪ್ಪತ್ತೈದು ಚೌಕಗಳಾಗುತ್ತವೆ. ಕ್ಯೂಜಿಐಎಸ್ ಈ ಚೌಕಗಳನ್ನು ತಾನೇ ಹಾಕಿಕೊಡುತ್ತದೆ, ಆದರೆ ಅದಕ್ಕೆ ಮೊದಲು ನಕ್ಷೆಯನ್ನು ಡಿಗ್ರಿಯಿಂದ ಮೀಟರಿಗೆ ಬದಲಿಸಿಕೊಳ್ಳಬೇಕು. ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಊರುಗಳು, ಮೀಟರಿನ ಲೆಕ್ಕಕ್ಕಾಗಿ ಭೂಮಿಯನ್ನು ಪಟ್ಟಿಗಳಾಗಿ ಹಂಚುವ ಯುಟಿಎಂ ಪದ್ಧತಿಯ 43ನೇ ಉತ್ತರ ವಲಯದಲ್ಲೇ ಬರುವುದರಿಂದ ಆ ಆಯ್ಕೆ ಸುಲಭ. ಒಂದೊಂದು ಚೌಕಕ್ಕೂ ಕನಿಷ್ಠ ಮೂರು ನಾಲ್ಕು ಸಲ, ಸುಮಾರು ಒಂದೇ ಹೊತ್ತಿನಲ್ಲಿ, ಒಂದೇ ಅವಧಿಯವರೆಗೆ ಹೋಗಿ ಬರಬೇಕು. ನಾಲ್ಕು ಸಲ ಹೋದಾಗ ಒಂದೇ ಸಲ ಗುರುತು ಸಿಕ್ಕ ಚೌಕವು, ಒಂದು ಸಲ ಮಾತ್ರ ಹೋಗಿ ಬರಿಗೈಯಲ್ಲಿ ಬಂದಿದ್ದರೆ ಖಾಲಿ ಎಂದು ಬರೆಯಿಸಿಕೊಳ್ಳುತ್ತಿತ್ತು ಎಂಬುದು ಮಕ್ಕಳಿಗೆ ಆಗ ತಾನಾಗಿ ಅರ್ಥವಾಗುತ್ತದೆ.

ಇನ್ನೊಂದು ತಪ್ಪನ್ನೂ ನೋಡಿಕೊಳ್ಳಿ, ಇದು ಸ್ವಾಲ್ಬಾರ್ಡಿಗಿಂತ ಅಪಾಯಕಾರಿ, ಏಕೆಂದರೆ ಇದು ನಗೆ ತರಿಸುವುದಿಲ್ಲ. ಕೆಲವು ಮೊಬೈಲುಗಳು 15 ಡಿಗ್ರಿ 24 ನಿಮಿಷ ಎಂದು ತೋರಿಸುತ್ತವೆ. ಮಕ್ಕಳು ಅದನ್ನು 15.24 ಎಂದು ಬರೆಯುತ್ತಾರೆ. ನಿಜವಾಗಿ ಅದು 15.40. ಈ ಸಣ್ಣ ವ್ಯತ್ಯಾಸದಲ್ಲಿ ಸುಮಾರು 18 ಕಿಲೋಮೀಟರು ಅಡಗಿದೆ. ನಿಮ್ಮ ಕಡೆಯ ಕರಡಿ ತುಂಗಭದ್ರೆ ದಾಟಿ ಹೊಸಪೇಟೆಯ ಮಗ್ಗುಲಿಗೆ ಹೋಗಿ ಕುಳಿತುಕೊಳ್ಳುತ್ತದೆ, ಅಲ್ಲಿಯೂ ಕರಡಿಗಳಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ನಿವೃತ್ತ ಅರಣ್ಯ ಸಿಬ್ಬಂದಿ, ಸಂಡೂರು

ಗುರುಗಳೇ, ತಮ್ಮ ಪ್ರಯತ್ನಕ್ಕೆ ಅಭಿನಂದನೆ. ಆದರೆ ಮೊದಲು ಎರಡು ಮಾತು ಹೇಳಲೇಬೇಕು. ಒಂದನೆಯದು, ಅಭಯಾರಣ್ಯದ ಒಳಗೆ ಅನುಮತಿ ಇಲ್ಲದೆ ಕಾಲಿಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಹೊಲ, ಕೆರೆ, ಗೋಮಾಳ, ರಸ್ತೆ ಇವಿಷ್ಟೇ ನಿಮ್ಮ ಮಕ್ಕಳ ಕ್ಷೇತ್ರವಾಗಿರಲಿ. ಎರಡನೆಯದು, ನಸುಕಿನಲ್ಲಿ ಮತ್ತು ಸಂಜೆಗತ್ತಲಲ್ಲಿ ಬಂಡೆಗಳ ಸಂದಿಗೆ ಯಾರೂ ಹೋಗಬಾರದು. ಕರಡಿ ನಮ್ಮನ್ನು ಬೇಟೆಯಾಡಲು ಬರುವುದಿಲ್ಲ, ತಿರುವಿನಲ್ಲಿ ಹಠಾತ್ತನೆ ಎದುರಾದಾಗ ಗಾಬರಿಯಿಂದ ಮುಖಕ್ಕೇ ಎರಗುತ್ತದೆ. ನೂರು ಅಂಕ ಬರುವ ನಕ್ಷೆಗಿಂತ ಒಂದು ಮಗುವಿನ ಕಣ್ಣು ದೊಡ್ಡದು.

ದರೋಜಿ ಕರಡಿಧಾಮ 1994ರಲ್ಲಿ ಘೋಷಣೆಯಾಯಿತು. ಅಲ್ಲಿ ಮಧ್ಯಾಹ್ನ ಬಂಡೆಗೆ ಸವರುವ ಬೆಲ್ಲದ ಪಾಕಕ್ಕೆ ಕರಡಿಗಳು ಇಳಿದು ಬರುವುದನ್ನು ಗೋಪುರದಿಂದ ನೋಡಿದ ಪ್ರವಾಸಿಗರು, ಕರಡಿಗಳು ಆ ಒಂದು ಬಂಡೆಯ ಸುತ್ತಲೇ ಬದುಕುತ್ತವೆ ಎಂದು ತಿಳಿದು ಮರಳುತ್ತಾರೆ. ನಿಮ್ಮ ಡಾಂಬರು ರಸ್ತೆಯ ಕಥೆಯೂ ಅದೇ. ನೋಡುವವನು ಎಲ್ಲಿ ಕುಳಿತಿದ್ದಾನೋ ಅಲ್ಲಿಯೇ ಪ್ರಾಣಿ ಇರುವಂತೆ ಕಾಣುತ್ತದೆ.

ಗುರುತು ಹಿಡಿಯುವ ವಿಷಯದಲ್ಲೂ ಹೇಳಬೇಕು. ಕರಡಿಯ ಹೆಜ್ಜೆಯಲ್ಲಿ ಐದು ಬೆರಳು ಮತ್ತು ಅವುಗಳಿಂದ ಸ್ವಲ್ಪ ದೂರದಲ್ಲಿ ಉಗುರಿನ ಗೀರುಗಳು ಬೀಳುತ್ತವೆ. ಚಿರತೆಯದರಲ್ಲಿ ನಾಲ್ಕು ಬೆರಳು, ಉಗುರು ಮೂಡುವುದಿಲ್ಲ. ಇವೆರಡನ್ನು ಮಕ್ಕಳು ಒಂದು ದಿನದಲ್ಲಿ ಕಲಿಯುತ್ತಾರೆ. ತೋಳ ಮತ್ತು ಊರನಾಯಿಯ ಹೆಜ್ಜೆಯನ್ನು ಮಾತ್ರ ಚಿತ್ರ ನೋಡಿ ಬೇರ್ಪಡಿಸುವುದು ಮೂವತ್ತು ವರ್ಷ ಕಾಡು ಸುತ್ತಿದ ನನಗೂ ಕಷ್ಟ. ನಿಮ್ಮದೇ ತಾಲ್ಲೂಕಿನ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ಪ್ರದೇಶ ತೋಳಗಳಿಗೆಂದೇ ಮೀಸಲಾಗಿರುವುದರಿಂದ ಮಕ್ಕಳಿಗೆ ತೋಳ ಕಂಡಿತೆಂದು ಬರೆಯುವ ಆಸೆ ಇದ್ದೇ ಇರುತ್ತದೆ. ಅನುಮಾನವಿದ್ದಲ್ಲಿ "ನಾಯಿ ಜಾತಿ" ಎಂದು ಬರೆಯಿಸಿ, ಆಮೇಲೆ ಕುರಿಗಾಹಿಗಳನ್ನು ಕೇಳಿ. ಅವರ ಕುರಿಮರಿಯನ್ನು ಯಾವುದು ಒಯ್ದಿತು ಎಂದು ಅವರಿಗೆ ತಿಳಿದಿರುತ್ತದೆ.

ರೈತ, ಯಲಬುರ್ಗಾ ತಾಲ್ಲೂಕು

ಎಲ್ಲರೂ ಓದಿದವರು ಮಾತನಾಡುತ್ತಿದ್ದೀರಿ, ನಮ್ಮ ಮಾತನ್ನೂ ಕೇಳಿ. ನಮ್ಮ ಕಡೆ ಎರೆ ಹೊಲಗಳಲ್ಲಿ ಚಿಗರಿಗಳ, ಅಂದರೆ ಕೃಷ್ಣಮೃಗಗಳ, ಹಿಂಡು ಬಹಳ. ಹಿಂಗಾರಿಯಲ್ಲಿ ಕಡಲೆ ಮೊಳಕೆಯೊಡೆದು ನಾಲ್ಕು ಎಲೆ ಬಿಡುವ ಹೊತ್ತಿಗೆ ರಾತ್ರಿ ಬಂದು ಸಾಲುಸಾಲಾಗಿ ಕತ್ತರಿಸಿದಂತೆ ಮೇಯ್ದು ಹೋಗುತ್ತವೆ. ಹೊಡೆಯುವಂತಿಲ್ಲ, ಹೊಡೆಯುವುದಕ್ಕೆ ನಮಗೆ ಮನಸ್ಸೂ ಇಲ್ಲ.

ನನ್ನ ಮಗನ ಶಾಲೆಯಲ್ಲೂ ಇಂಥದೇ ನಕ್ಷೆ ಮಾಡಿಸಿದರು. ದಿಶಾಂಕ್ ಆ್ಯಪ್ ಎಲ್ಲರ ಮೊಬೈಲಿನಲ್ಲಿದೆಯಲ್ಲ, ಮಕ್ಕಳು ಚಿಗರಿ ಕಂಡ ಜಾಗವನ್ನು ಅದರಲ್ಲಿ ನೋಡಿ ಸರ್ವೆ ನಂಬರ್ ಸಮೇತ ಬರೆದು ಗೋಡೆಗೆ ಹಚ್ಚಿದರು. ವಾರದೊಳಗೆ ಊರಲ್ಲಿ ಸುದ್ದಿ ಹಬ್ಬಿತು: ಈ ಸರ್ವೆ ನಂಬರುಗಳನ್ನು ಅರಣ್ಯದವರು ಬರೆದುಕೊಂಡು ಹೋಗುತ್ತಾರೆ, ನಾಳೆ ಈ ಹೊಲಗಳನ್ನು ಚಿಗರಿಧಾಮ ಮಾಡುತ್ತಾರೆ ಎಂದು. ಅದು ಬರೀ ಗಾಳಿಮಾತು. ಆದರೂ ಇಬ್ಬರು ಅಣ್ಣತಮ್ಮಂದಿರು ಶಾಲೆಗೆ ಹೋಗಿ ತಮ್ಮ ಹೊಲದ ಮೇಲಿನ ಚುಕ್ಕೆ ತೆಗೆಯಿರಿ ಎಂದು ಜಗಳವಾಡಿದರು. ಮೇಷ್ಟ್ರು ಪಾಪ, ನಕ್ಷೆಯನ್ನೇ ತೆಗೆದು ಒಳಗಿಟ್ಟರು. ಅದರಲ್ಲಿ ನಮಗೆ ಉಪಯೋಗವಾಗುವ ಒಂದು ವಿಷಯವಿತ್ತು. ಯಾವ ತಿಂಗಳು ಯಾವ ಕಡೆಯಿಂದ ಚಿಗರಿ ಇಳಿಯುತ್ತವೆ ಎಂದು ತಿಳಿದರೆ ಐದಾರು ರೈತರು ಸೇರಿ ಪಾಳಿಯ ಮೇಲೆ ಕಾವಲು ಕಾಯಬಹುದಿತ್ತು. ಕೇಳಿ ಮಾಡಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ.

ವಿಜ್ಞಾನ ಶಿಕ್ಷಕ, ಗಂಗಾವತಿ ತಾಲ್ಲೂಕು

ಯಜಮಾನರೇ, ಈ ಮಾತು ನನಗೆ ಹೊಳೆದಿರಲಿಲ್ಲ. ನಾನೂ ಯಾರ ಹೊಲವೆಂದು ನೋಡದೆ ಚುಕ್ಕೆ ಇಟ್ಟಿದ್ದೇನೆ. ನಮ್ಮದು ಭತ್ತದ ಸೀಮೆಯಾದ್ದರಿಂದ ಜಗಳ ಬಂದಿಲ್ಲ, ಅಷ್ಟೆ.

ಉಪನ್ಯಾಸಕಿಯವರು ಹೇಳಿದ ನಡಿಗೆಯ ದಾಖಲೆಯ ಬಗ್ಗೆ ಒಂದು ಅಡಚಣೆ ಇದೆ. ಮಕ್ಕಳು ಚಿತ್ರಗಳನ್ನು ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ವಹಿಯಲ್ಲಿ ಸಂಖ್ಯೆ ಬರೆಯಲು ಮರೆತವರ ಚಿತ್ರಗಳಿಂದ ಸ್ಥಳವನ್ನು ತೆಗೆಯೋಣವೆಂದರೆ ಅದರೊಳಗೆ ಏನೂ ಉಳಿದಿರಲಿಲ್ಲ. ಆ ರೀತಿ ಮೂವತ್ತಕ್ಕೂ ಹೆಚ್ಚು ಗುರುತುಗಳು ಕೈತಪ್ಪಿದವು.

ಪಕ್ಷಿವೀಕ್ಷಕ, ಸಿರುಗುಪ್ಪ

ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸುವಾಗ ಅದರೊಳಗಿನ ಸ್ಥಳದ ಮಾಹಿತಿಯನ್ನು ಕಿತ್ತುಹಾಕುತ್ತದೆ. ಅದೇ ಚಿತ್ರವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳಿಸಿದರೆ ಮಾಹಿತಿ ಉಳಿಯುತ್ತದೆ. ಇದು ನಿಮಗೆ ಅನುಕೂಲ, ಆದರೆ ಕಳ್ಳಬೇಟೆಯವನಿಗೂ ಅಷ್ಟೇ ಅನುಕೂಲ ಎಂಬುದನ್ನು ಮರೆಯಬೇಡಿ. ನಕ್ಷತ್ರ ಆಮೆಯನ್ನೂ ಚಿಪ್ಪುಹಂದಿಯನ್ನೂ ಕದ್ದು ಮಾರುವವರಿಗೆ ಮಕ್ಕಳ ಗೋಡೆನಕ್ಷೆಗಿಂತ ಅಗ್ಗದ ಮಾರ್ಗದರ್ಶಿ ಬೇರೊಂದಿಲ್ಲ.

ನಮ್ಮ ಸಿರುಗುಪ್ಪದ ಎರೆಭೂತದ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ, ಸಂಗತಿ ನಿಮಗೆಲ್ಲ ಗೊತ್ತಿದೆ. ಒಂದು ಕಾಲಕ್ಕೆ ಎರೆ ಸೀಮೆಯ ರೈತರು ದಿನನಿತ್ಯ ನೋಡುತ್ತಿದ್ದ ಆ ದೊಡ್ಡ ಹಕ್ಕಿ ಈಗ ದೇಶದಲ್ಲೇ ಬೆರಳೆಣಿಕೆಯ ಕಡೆ ಉಳಿದಿದೆ. ಅದು ಕಂಡಿತೆಂಬ ಸುದ್ದಿ ಹೊರಬಿದ್ದರೆ ಮಾರನೆಯ ದಿನ ಕ್ಯಾಮೆರಾ ಹಿಡಿದ ಜೀಪುಗಳು ಹೊಲಕ್ಕೆ ನುಗ್ಗುತ್ತವೆ, ಇವರು ಬೇಟೆಗಾರರಲ್ಲ, ಹಕ್ಕಿಯ ಮೇಲಿನ ಪ್ರೀತಿಯಿಂದಲೇ ಬಂದವರು. ಆದರೂ ನೆಲದ ಮೇಲೆ ಒಂದೇ ಮೊಟ್ಟೆಯಿಟ್ಟು ಕುಳಿತ ಹಕ್ಕಿಗೆ ಎಬ್ಬಿಸುವವನು ಯಾರಾದರೇನು? ಅದಕ್ಕಾಗಿಯೇ, ಜನರು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಎಂಬ ಜಾಲತಾಣವು ಅಪಾಯದಲ್ಲಿರುವ ಜೀವಿಗಳ ನಿಖರ ಸ್ಥಳವನ್ನು ಮರೆಮಾಚಿ, ಡಿಗ್ರಿಯ ಐದನೇ ಒಂದು ಭಾಗದಷ್ಟು ದೊಡ್ಡ ಚೌಕದೊಳಗೆ ಎಲ್ಲೋ ಒಂದು ಕಡೆ ಚುಕ್ಕೆ ಇಡುತ್ತದೆ. ನಮ್ಮ ಅಕ್ಷಾಂಶದಲ್ಲಿ ಅದು ಸುಮಾರು ಇಪ್ಪತ್ತೆರಡು ಕಿಲೋಮೀಟರು ಪಕ್ಕೆಯ ಚೌಕ.

ಖಾಲಿ ನಡಿಗೆಯನ್ನೂ ಬರೆಯಿರಿ ಎಂದು ಮೇಡಂ ಹೇಳಿದ್ದು, ಕಂಡ ಹಕ್ಕಿಗಳ ಪಟ್ಟಿ ದಾಖಲಿಸುವ ಇಬರ್ಡ್ ಆ್ಯಪ್ ಬಳಸುವವರಿಗೆ ಅಭ್ಯಾಸವಾಗಿ ಹೋಗಿದೆ. ಅಲ್ಲಿ ಎಷ್ಟು ನಿಮಿಷ ನೋಡಿದಿರಿ, ಎಷ್ಟು ದೂರ ನಡೆದಿರಿ, ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ ಎಂದು ಕೇಳುತ್ತದೆ. ಹೌದು ಎಂದರೆ, ಪಟ್ಟಿಯಲ್ಲಿ ಇಲ್ಲದ ಹಕ್ಕಿಯೂ ಒಂದು ಮಾಹಿತಿಯಾಗುತ್ತದೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಂಥ ಕೆರೆಯಲ್ಲಿ ಇದು ಬಹಳ ಸುಲಭ: ಏರಿಯ ಮೇಲೆ ಒಂದು ಜಾಗ ಗೊತ್ತುಮಾಡಿಕೊಂಡು, ಹದಿನೈದು ನಿಮಿಷ ಕುಳಿತು ಎಣಿಸಿದರಾಯಿತು. ಕೆರೆಯ ವಿಳಾಸವನ್ನು ಗುಟ್ಟಾಗಿಡುವ ಪ್ರಶ್ನೆಯೂ ಬರುವುದಿಲ್ಲ. ಮಕ್ಕಳನ್ನು ಕರಡಿಯಿಂದ ಅಲ್ಲ, ಕೊಕ್ಕರೆಯಿಂದ ಆರಂಭಿಸಬೇಕೆಂಬುದು ನನ್ನ ಹಳೆಯ ತಕರಾರು.

ಸಂಶೋಧನಾ ವಿದ್ಯಾರ್ಥಿ, ಬಳ್ಳಾರಿ

ಮುಚ್ಚಿಡುವುದೇ ಸರಿ ಎಂಬ ನಿಲುವಿಗೆ ನನ್ನ ವಿರೋಧವಿದೆ. ಇಪ್ಪತ್ತೆರಡು ಕಿಲೋಮೀಟರಿನ ಚೌಕವನ್ನು ಇಟ್ಟುಕೊಂಡು ಒಂದು ಗುಡ್ಡವನ್ನು ಉಳಿಸಲು ಸಾಧ್ಯವಿಲ್ಲ. ಕಲ್ಲು ಕ್ವಾರಿಗೆ ಅರ್ಜಿ ಬಂದಾಗ, ರಸ್ತೆ ಅಗಲವಾಗುವಾಗ, ಇಲ್ಲಿ ಯಾವ ಪ್ರಾಣಿಯೂ ಇಲ್ಲ ಎಂಬ ವಾಕ್ಯ ಕಡತದಲ್ಲಿ ಸಲೀಸಾಗಿ ಕುಳಿತುಬಿಡುತ್ತದೆ, ಅದನ್ನು ಅಲ್ಲಗಳೆಯಲು ಮೀಟರಿನ ಲೆಕ್ಕದ ಸಾಕ್ಷ್ಯವೇ ಬೇಕು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ, ಗಣಿ ಗುತ್ತಿಗೆಗಳ ಗಡಿಯನ್ನು ನೆಲದ ಮೇಲೆ ಅಳೆದು, ಒತ್ತುವರಿಯ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಿದ್ದು ನೆನಪಿರಲಿ. ಗಡಿಕಲ್ಲು ಎಲ್ಲಿದೆ ಎಂಬ ನಿಖರತೆ ಇಲ್ಲದಿದ್ದರೆ ಆ ವಾದವೇ ನಿಲ್ಲುತ್ತಿರಲಿಲ್ಲ.

ಇನ್ನೊಂದು ಮಾತು. ಸಾಲಾಗಿ ನಿಂತ ಚುಕ್ಕೆಗಳೆಲ್ಲ ತಪ್ಪಲ್ಲ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ತುಂಗಭದ್ರೆಯ ಸುಮಾರು 34 ಕಿಲೋಮೀಟರು 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶವಾಗಿದೆ; ಆ ಪ್ರಾಣಿ ಬದುಕುವುದೇ ಹೊಳೆಯ ಗೆರೆಯ ಮೇಲೆ. ದಡದ ಬಂಡೆಯ ಮೇಲೆ ಮೀನಿನ ಹುರುಪೆ, ಏಡಿಯ ಚಿಪ್ಪು ತುಂಬಿದ ಹಿಕ್ಕೆಯನ್ನು ಹುಡುಕುತ್ತ ದಂಡೆಯನ್ನು ತುಂಡುತುಂಡಾಗಿ ನಡೆದರೆ ಚೌಕಗಳ ಗೊಡವೆ ಬೇಕಿಲ್ಲ. ಆದರೆ ಅಲ್ಲೂ ನಡೆದ ತುಂಡು, ನಡೆಯದ ತುಂಡು ಎಂದು ಬೇರೆ ಬೇರೆ ಬಣ್ಣ ಹಚ್ಚಲೇಬೇಕು.

ನಿವೃತ್ತ ಅರಣ್ಯ ಸಿಬ್ಬಂದಿ, ಸಂಡೂರು

ತಮ್ಮ, ನೀವು ಹೇಳಿದ್ದನ್ನು ನಾನು ಒಪ್ಪುತ್ತೇನೆ. ಸಾಕ್ಷ್ಯ ಇರಬೇಕು, ಗೋಡೆಯ ಮೇಲೆ ಇರಬೇಕಾಗಿಲ್ಲ. ನಿಖರ ಅಂಕಿಗಳ ವಹಿ ಮುಖ್ಯೋಪಾಧ್ಯಾಯರ ಬೀರುವಿನಲ್ಲಿರಲಿ, ಬೇಕಾದಾಗ ವಲಯ ಅರಣ್ಯಾಧಿಕಾರಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಲಿ. ಗೋಡೆಗೆ ಚೌಕದ ನಕ್ಷೆ ಸಾಕು. ಯಲಬುರ್ಗಾದ ಯಜಮಾನರ ಸರ್ವೆ ನಂಬರಿನ ಜಗಳಕ್ಕೂ ಇದೇ ಪರಿಹಾರ. ಒಂದು ಕಿಲೋಮೀಟರಿನ ಚೌಕದಲ್ಲಿ ಎಷ್ಟೋ ಮಂದಿಯ ಹೊಲ ಬರುತ್ತದೆ, ಯಾರೂ ತಮ್ಮದೊಂದೇ ಎಂದು ಹೆದರಬೇಕಾಗಿಲ್ಲ.

ಪಿಯುಸಿ ವಿದ್ಯಾರ್ಥಿನಿ, ಕುಷ್ಟಗಿ

ಹಿರಿಯರ ನಡುವೆ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಬೇಕು. ಎರಡು ವರ್ಷದ ಹಿಂದೆ ನಮ್ಮ ಶಾಲೆಯಲ್ಲೂ ಹೀಗೆ ನಕ್ಷೆ ಮಾಡಿದ್ದೆವು. ಮುಂಗುಸಿ, ಉಡ, ಗೂಬೆ ಊರೊಳಗೆ, ನರಿ, ಮುಳ್ಳುಹಂದಿ, ಕರಡಿ ಗುಡ್ಡದ ಕಡೆ ಎಂದು ನಕ್ಷೆ ನೋಡಿ ವರದಿ ಬರೆದೆವು. ಆಮೇಲೆ ನನಗೊಂದು ಅನುಮಾನ ಬಂದು, ಪ್ರಾಣಿಯ ಹೆಸರಿನ ಬದಲು ಗುರುತು ತಂದವರು ಹುಡುಗಿಯೋ ಹುಡುಗನೋ ಎಂಬುದರ ಮೇಲೆ ಚುಕ್ಕೆಗಳಿಗೆ ಬಣ್ಣ ಕೊಟ್ಟು ನೋಡಿದೆ. ಊರೊಳಗೆ ಪೂರ್ತಿ ಕೆಂಪು, ಹೊರಗೆ ಪೂರ್ತಿ ನೀಲಿ. ನಮ್ಮನ್ನು ಸಂಜೆ ಆರರ ನಂತರ ಅಗಸಿ ದಾಟಲು ಬಿಡುತ್ತಿರಲಿಲ್ಲ, ಮೊಬೈಲ್ ಅಣ್ಣನ ಕೈಯಲ್ಲಿ ಇರುತ್ತಿತ್ತು. ಹಿತ್ತಲಲ್ಲಿ ಮುಂಗುಸಿ ಸಿಗದೆ ಇನ್ನೇನು ಸಿಕ್ಕೀತು?

ನಮ್ಮ ಅವ್ವ ವಾರಕ್ಕೆ ಎರಡು ಸಲ ಕಟ್ಟಿಗೆಗೆಂದು ಕುರುಚಲು ಗುಡ್ಡಕ್ಕೆ ಹೋಗುತ್ತಾಳೆ. ಒಂದು ಭಾನುವಾರ ಬಿಸಿಲೇರಿದ ಮೇಲೆ ಅವಳ ಜೊತೆ ಹೋದೆ. ಕಾಲುದಾರಿಯ ಪಕ್ಕ ಒಣಗಿದ ಒಂದು ಕರಿ ಗುಪ್ಪೆಯನ್ನು ಕಡ್ಡಿಯಿಂದ ಬಿಡಿಸಿ ತೋರಿಸಿದಳು. ಒಳಗೆ ಬಾರಿಹಣ್ಣಿನ ಬೀಜಗಳು ಹಾಗೆಯೇ ಇಡಿಯಾಗಿದ್ದವು, ನಡುನಡುವೆ ಗೆದ್ದಲಿನ ತಲೆಗಳು ಸಾಸಿವೆಯಂತೆ ಮಿನುಗುತ್ತಿದ್ದವು. "ಇದು ಹೋದ ವಾರದ್ದು, ಬಾರಿಹಣ್ಣು ಮುಗುದ ಮ್ಯಾಲೆ ಈ ಕಡೆ ಬರೂದಿಲ್ಲ" ಎಂದಳು. ಅವಳದು ಬಟನ್ ಮೊಬೈಲ್, ಅದರಲ್ಲಿ ನಕ್ಷೆ ಇಲ್ಲ. ನಾನು ಗುಡ್ಡದ ಚಿತ್ರ ಬರೆದು, ದೊಡ್ಡ ಬೇವಿನ ಮರ, ಒಡೆದ ಬಂಡೆ, ಹಳೇ ಬಾವಿ ಎಂದು ಅವಳು ಹೇಳಿದ ಗುರುತುಗಳನ್ನು ಇಟ್ಟುಕೊಂಡು, ಮನೆಗೆ ಬಂದು ಉಪಗ್ರಹ ಚಿತ್ರದ ಮೇಲೆ ಅವುಗಳನ್ನು ಹುಡುಕಿದೆ. ಬಾವಿ ಮತ್ತು ಬಂಡೆ ಸಿಕ್ಕವು. ನಮ್ಮ ವರದಿಯಲ್ಲಿ ಅವ್ವನ ಹೆಸರು ಇರಲಿಲ್ಲ, ಏಕೆಂದರೆ ನಮೂನೆಯಲ್ಲಿ ವಿದ್ಯಾರ್ಥಿಯ ಹೆಸರಿಗೆ ಮಾತ್ರ ಜಾಗವಿತ್ತು.

ಭೂಗೋಳ ಉಪನ್ಯಾಸಕಿ, ರಾಯಚೂರು

ತಂಗಿ, ನೀನು ಬಣ್ಣ ಬದಲಿಸಿ ನೋಡಿದ್ದು ನಾನು ಮೇಲೆ ಬರೆದ ಎರಡು ಪ್ಯಾರಾಗಳಿಗಿಂತ ಚೆನ್ನಾಗಿದೆ. ಸರ್, ನಮೂನೆಯಲ್ಲಿ ಇನ್ನೊಂದು ಕಾಲಂ ಸೇರಿಸಿ: ಜೊತೆಗೆ ಬಂದವರು ಯಾರು, ಮತ್ತು ಗುರುತನ್ನು ಮೊದಲು ಕಂಡವರು ಯಾರು. ಮಕ್ಕಳು ಹೋಗಲಾಗದ ಚೌಕಗಳನ್ನು ಖಾಲಿ ಎಂದು ಬಿಡದೆ, ಹೋಗಿಲ್ಲ ಎಂದು ಬೂದು ಬಣ್ಣ ಹಚ್ಚಿ. ನಿಮ್ಮ ಗುಡ್ಡಗಳ ಬಹುಭಾಗ ಬೂದಾಗಿಯೇ ಉಳಿದರೂ ಚಿಂತೆಯಿಲ್ಲ.

ವಿಜ್ಞಾನ ಶಿಕ್ಷಕ, ಗಂಗಾವತಿ ತಾಲ್ಲೂಕು

ಎಲ್ಲರಿಗೂ ಕೃತಜ್ಞತೆಗಳು. ಹಳೆಯ ನಕ್ಷೆಯನ್ನು ಗೋಡೆಯಿಂದ ಇಳಿಸಿದ್ದೇನೆ. ಅದರ ಮೇಲಿದ್ದ "ಕರಡಿಗಳ ಹಂಚಿಕೆ" ಎಂಬ ತಲೆಬರಹವನ್ನು ಹೊಡೆದು ಹಾಕಿ "ನಾವು ನಡೆದ ದಾರಿಗಳು" ಎಂದು ಬರೆದು, ಮುಂದಿನ ವರ್ಷದ ತರಗತಿಗೆಂದು ಎತ್ತಿಟ್ಟಿದ್ದೇನೆ. ಇಪ್ಪತ್ತೈದು ಚೌಕಗಳಲ್ಲಿ ಗುಡ್ಡ ಮತ್ತು ಹೊಳೆಯ ಚೌಕಗಳನ್ನು ಬಿಟ್ಟರೆ ಹದಿನಾರು ಉಳಿದವು. ಪ್ರತಿ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ, ಒಬ್ಬ ಪಾಲಕರ ಜೊತೆ, ಎರಡೆರಡು ತಂಡ ಹೋಗುವುದೆಂದು ನಿಶ್ಚಯಿಸಿದ್ದೇವೆ. ಹೊಲದವರನ್ನು ಮುಂಚೆಯೇ ಕೇಳುವ ಕೆಲಸವನ್ನು ಅದೇ ಹೊಲದವರ ಮಕ್ಕಳಿಗೆ ಒಪ್ಪಿಸಿದ್ದೇನೆ.

ಮೊನ್ನೆ ಮೊದಲ ನಡಿಗೆ ಆಯಿತು. ರಸ್ತೆಯ ಪ್ರಶ್ನೆ ಕೇಳಿದ ಅದೇ ಹುಡುಗ ತಂದ ಹಾಳೆಯಲ್ಲಿ ಹೀಗಿದೆ: "ಚೌಕ 14. ಹನ್ನೆರಡು ಹತ್ತರಿಂದ ಒಂದು ಗಂಟೆ. ಏನೂ ಕಾಣಲಿಲ್ಲ. ಎಮ್ಮೆ ಮೂರು ಇದ್ದವು." ಎಮ್ಮೆಯನ್ನು ದಾಖಲಿಸಬೇಕೇ ಎಂದು ತಂಡದಲ್ಲಿ ವಾದ ನಡೆದಿದೆ, ನಾನು ಇನ್ನೂ ತೀರ್ಪು ಕೊಟ್ಟಿಲ್ಲ.

ಭೂಗೋಳ ಉಪನ್ಯಾಸಕಿ, ರಾಯಚೂರು

ದಾಖಲಿಸಬೇಕು. ಎಮ್ಮೆ ಮೇಯುವ ಚೌಕದಲ್ಲಿ ಕಾಡುಪ್ರಾಣಿಯ ಗುರುತು ಕಡಿಮೆಯೋ ಹೆಚ್ಚೋ ಎಂದು ವರ್ಷದ ಕೊನೆಗೆ ಅವನೇ ಕೇಳುತ್ತಾನೆ, ಆಗ ಉತ್ತರ ಹುಡುಕಲು ಈ ಮೂರು ಎಮ್ಮೆ ಬೇಕಾಗುತ್ತವೆ.